ಕಂಠೀರವ ಯಾರ ಅಂಗಳ?

ಜುಲೈ ತಿಂಗಳ ಒಂದು ಸೋಮವಾರ ನಮ್ಮ ಪಿ.ಟಿ. ಮೇಷ್ಟ್ರು ಹಿಂದಿನ ದಿನದ ಪತ್ರಿಕೆಯನ್ನು ಸ್ಟಾಫ್ ರೂಮಿನ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದರು. 2025ರ ಜುಲೈ 5ರ ಶನಿವಾರ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ನೀರಜ್ ಚೋಪ್ರಾ ಹೆಸರಿನದೇ ಜಾವೆಲಿನ್ ಸ್ಪರ್ಧೆ ನಡೆದು, ಅವರೇ 86.18 ಮೀಟರ್ ಎಸೆದು ಗೆದ್ದಿದ್ದರು. ಕ್ರೀಡಾಪುಟದ ಅರ್ಧ ಭಾಗ ಅದೇ ಚಿತ್ರ. ಮೇಷ್ಟ್ರು ಹಿಗ್ಗಿಹೋಗಿದ್ದರು. ನಾನೂ ನೋಡಿ ಸಂತೋಷಪಟ್ಟೆ. ಪುಟ ಮಡಿಸುವಾಗ ಕೆಳಗಿನ ಮೂಲೆಯಲ್ಲಿ, ಒಂದು ಜಾಹೀರಾತಿನ ಪಕ್ಕದಲ್ಲಿ, ಇನ್ನೊಂದು ಸುದ್ದಿ ಕಣ್ಣಿಗೆ ಬಿತ್ತು. ಅದೇ ಶನಿವಾರ ಥಾಯ್ಲೆಂಡಿನ ಚಿಯಾಂಗ್ ಮಾಯ್ ಎಂಬ ಊರಿನಲ್ಲಿ ನಮ್ಮ ದೇಶದ ಹೆಣ್ಣುಮಕ್ಕಳ ಫುಟ್‌ಬಾಲ್ ತಂಡ ಆ ಊರಿನವರನ್ನೇ 2–1ರಿಂದ ಸೋಲಿಸಿ, 2026ರ ಏಷ್ಯನ್ ಕಪ್ಪಿಗೆ ಅರ್ಹತೆ ಗಳಿಸಿತ್ತು. ಅರ್ಹತಾ ಪಂದ್ಯಗಳನ್ನು ಆಡಿ ಗೆದ್ದು ಅಲ್ಲಿಗೆ ಹೋಗುತ್ತಿರುವುದು ಅದೇ ಮೊದಲು. ಎರಡೂ ಗೋಲು ಹೊಡೆದವಳು ಸಂಗೀತಾ ಬಾಸ್ಫೋರ್.

"ಇದು ಇಷ್ಟೇ ಇಷ್ಟು ಯಾಕೆ ಸರ್?" ಎಂದೆ.

"ಅದು ಥಾಯ್ಲೆಂಡಲ್ಲಿ ಆಗಿದ್ದು ಮೇಡಂ, ಇದು ನಮ್ಮ ಕಂಠೀರವದಲ್ಲಿ ಆಗಿದ್ದು" ಎಂದರು ಮೇಷ್ಟ್ರು.

ಉತ್ತರ ಸರಿಯಾಗಿಯೇ ಇತ್ತು. ಆದರೆ "ನಮ್ಮ ಕಂಠೀರವ" ಎಂಬ ಮಾತು ನನ್ನ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿದುಕೊಂಡಿತು. ಮೂವತ್ತು ವರ್ಷ ಕನ್ನಡ ಪಾಠ ಮಾಡಿದವಳು ನಾನು. ಪದ್ಯವೊಂದು ಕೈಗೆ ಬಂದರೆ ಇದರಲ್ಲಿ ಮಾತಾಡುತ್ತಿರುವವರು ಯಾರು, ಯಾರಿಗೆ ಮಾತಾಡುತ್ತಿದ್ದಾರೆ, ಬಾಯಿ ಮುಚ್ಚಿಕೊಂಡು ನಿಂತವರು ಯಾರು ಎಂದು ಮಕ್ಕಳನ್ನು ಕೇಳುವುದು ನನ್ನ ಅಭ್ಯಾಸ. ಒಂದು ಕ್ರೀಡಾಂಗಣವನ್ನೂ ಹಾಗೆ ಓದಬಾರದೇಕೆ ಎನಿಸಿತು. ಸಿಂಗಟಗೆರೆಯಲ್ಲಿ ಕೂತು ಬೆಂಗಳೂರಿನ ಸ್ಟೇಡಿಯಮ್ಮಿನ ವಿಮರ್ಶೆ ಬರೆಯುತ್ತೀಯಾ ಎಂದು ನಮ್ಮ ಮನೆಯವರು ನಕ್ಕರು. ನಗಲಿ. ಆ ಅಂಗಳದೊಂದಿಗೆ ನನಗೂ ಇಪ್ಪತ್ತು ವರ್ಷದ ಲೆಕ್ಕಾಚಾರ ಇದೆ.

ಮೊದಲು ನೆಲದ ಮಾತು. ಈಗ ಕಂಠೀರವ ಇರುವ ಜಾಗ ಒಂದು ಕಾಲಕ್ಕೆ ಸಂಪಂಗಿ ಕೆರೆ. ಸುತ್ತ ತೋಟ, ತರಕಾರಿ ಮಡಿಗಳು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬರತೊಡಗಿದ ಮೇಲೆ ಪೇಟೆಯವರಿಗೆ ಕೆರೆಯ ಹಂಗು ತಪ್ಪಿತು. ಹಂಗು ತಪ್ಪಿದ ಮೇಲೆ ಕೆರೆಯನ್ನು ಯಾರು ಕೇಳುತ್ತಾರೆ? ಬತ್ತಿತು, ಮೈದಾನವಾಯಿತು, ಆಮೇಲೆ ಕ್ರೀಡಾಂಗಣವಾಯಿತು. ಹೆಸರಿನ ಕೊನೆಯಲ್ಲೇ ಕೆರೆ ಇರುವ ಊರಿನವಳು ನಾನು. ಮಳೆ ಕೈಕೊಟ್ಟ ವರ್ಷ ಕಡೂರು ಸೀಮೆಯಲ್ಲಿ ಕೆರೆಯ ಬೆಲೆ ಏನೆಂದು ಕೊಡ ಹೊತ್ತ ಹೆಂಗಸರಿಗೆ ಹೇಳಿಕೊಡಬೇಕಾಗಿಲ್ಲ. ಅದಕ್ಕೇ ಕಂಠೀರವದ ಹಸಿರು ಹುಲ್ಲನ್ನು ಟಿ.ವಿ.ಯಲ್ಲಿ ಕಂಡಾಗಲೆಲ್ಲ ಅದರ ಅಡಿಯ ನೀರು ನೆನಪಾಗುತ್ತದೆ. ಆ ಕೆರೆಯಲ್ಲಿ ಉಳಿದದ್ದು ಒಂದು ಚಿಕ್ಕ ಕೊಳ ಮಾತ್ರ. ಅದೂ ಉಳಿದದ್ದು ಯಾರಿಂದ ಎನ್ನುತ್ತೀರಿ? ದ್ರೌಪದಿಯಿಂದ. ತಿಗಳರು ದ್ರೌಪದಿಯನ್ನು ಶಕ್ತಿಯೆಂದು ಪೂಜಿಸಿ ನಡೆಸುವ ಬೆಂಗಳೂರು ಕರಗಕ್ಕೆ ಆ ಕೊಳ ಬೇಕೇ ಬೇಕು. ಅಷ್ಟು ದೊಡ್ಡ ಕೆರೆಯಲ್ಲಿ ಒಬ್ಬ ಹೆಣ್ಣುಮಗಳ ಹೆಸರಿಗಿದ್ದ ತುಂಡನ್ನು ಮಾತ್ರ ಯಾರಿಗೂ ಮುಟ್ಟಲಾಗಲಿಲ್ಲ.

ಇನ್ನು ಹೆಸರು. ಕಂಠೀರವ ಎಂದರೆ ಸಿಂಹ, ಕಂಠದಲ್ಲಿ ರವ ಉಳ್ಳದ್ದು. ಎಂಟನೇ ತರಗತಿಯಲ್ಲಿ ಈ ಪದ ಬಿಡಿಸಿ ಹೇಳಿದರೆ, "ನಮ್ಮೂರಿನ ಹೆಸರಲ್ಲೂ ಸಿಂಗ ಐತೆ ಮಿಸ್" ಎಂದು ಯಾವನಾದರೂ ಹುಡುಗ ಕೂಗಿಯೇ ಕೂಗುತ್ತಾನೆ. ನಮ್ಮ ಪೀಳಿಗೆಯವರಿಗೆ ಆ ಹೆಸರು ಕೇಳಿದರೆ ಮೊದಲು ನೆನಪಾಗುವುದು ರಾಜಕುಮಾರ್ ಅವರ 1960ರ 'ರಣಧೀರ ಕಂಠೀರವ'. ಅವರನ್ನು ಕೊನೆಯ ಸಲ ಜನ ನೋಡಿದ್ದೂ ಅದೇ ಹೆಸರಿನ ಅಂಗಳದಲ್ಲಿ. ಆ ಮಾತು ಆಮೇಲೆ.

1997ರಲ್ಲಿ ಬೆಂಗಳೂರು ಮೈಸೂರುಗಳಲ್ಲಿ ರಾಷ್ಟ್ರೀಯ ಕ್ರೀಡಾಕೂಟ ನಡೆದಾಗ ಕಂಠೀರವಕ್ಕೆ ಹೊಸ ರೂಪ ಬಂತು. ಆಗ ನಾನು ಕೆಲಸಕ್ಕೆ ಸೇರಿ ಕೆಲವೇ ವರ್ಷವಾಗಿತ್ತು. ನಮ್ಮ ಹುಡುಗಿಯರು ಓಡುತ್ತಿದ್ದದ್ದು ಸುಣ್ಣದ ಪುಡಿಯಲ್ಲಿ ಗೆರೆ ಎಳೆದ ಮಣ್ಣಿನ ಮೇಲೆ. ಮೈದಾನದ ಒಂದು ಮೂಲೆಯಲ್ಲಿ ಯಾರದೋ ಎಮ್ಮೆ ಕಟ್ಟಿರುತ್ತಿದ್ದರು. ಸ್ಪೋರ್ಟ್ಸ್ ದಿನ ಅದನ್ನು ಬಿಚ್ಚಿಸುವುದೇ ಒಂದು ಕೆಲಸ.

ಹಾಗೆ ಓಡುತ್ತಿದ್ದವರಲ್ಲಿ ಒಬ್ಬಳನ್ನು 2004ರಲ್ಲಿ ನಾನು ಕಂಠೀರವಕ್ಕೆ ಕರೆದುಕೊಂಡು ಹೋದೆ. ಹೆಸರು ಬೇಡ. ಒಂಬತ್ತನೇ ತರಗತಿ, ಕಡ್ಡಿಯಂಥ ಹುಡುಗಿ, ನಾನೂರು ಮೀಟರ್ ಓಟ. ಅದಕ್ಕೂ ಮುಂಚಿನ ಒಂದು ಕೂಟದಲ್ಲಿ, ಯಾವ ಊರು ಎಂದು ಹೇಳುವುದಿಲ್ಲ, ಹುಡುಗಿಯರಿಗೆ ಬಟ್ಟೆ ಬದಲಾಯಿಸಲು ಜಾಗವಿಲ್ಲದೆ ನಾವು ನಾಲ್ಕು ಜನ ಟೀಚರುಗಳು ನಮ್ಮ ಸೀರೆ ಸೆರಗನ್ನೇ ಗೋಡೆ ಮಾಡಿ ನಿಂತಿದ್ದೆವು. ಅಲ್ಲಿ ಗೆದ್ದು ಬಂದವಳು ಬೆಂಗಳೂರಿನಲ್ಲಿ ಕೆಂಪು ಟ್ರ್ಯಾಕಿನ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಬೆರಳಿನಿಂದ ಒತ್ತಿ ನೋಡಿದಳು. "ಮಿಸ್, ಇದು ರಬ್ಬರಾ?" ಎಂದಳು. ಆಮೇಲೆ ಜಗಳ. ಮೊದಲನೇ ಲೇನಿನಲ್ಲಿ ನಿಂತಿದ್ದ ಅವಳಿಗೆ ಎರಡನೇ ಲೇನಿನವಳು ಏಳು ಮೀಟರ್ ಮುಂದೆ, ಮೂರನೆಯವಳು ಇನ್ನೂ ಮುಂದೆ ನಿಂತದ್ದು ಕಂಡಿತು. "ಅವ್ಳು ಮುಂದ್ಗಡೆ ನಿಂತವ್ಳೆ, ಮೋಸ!" ಎಂದು ನನ್ನ ಕಡೆ ತಿರುಗಿ ಕೂಗಿದಳು. ಹೊರಗಿನ ಸುತ್ತು ದೊಡ್ಡದು, ಅದನ್ನು ಸರಿದೂಗಿಸಲು ಹಾಗೆ ನಿಲ್ಲಿಸುತ್ತಾರೆ, ಎರಡನೇ ಲೇನಿಗೆ ಸರಿಯಾಗಿ 7.04 ಮೀಟರ್ ಎಂದು ನಾನು ಕಟಕಟೆಯ ಆಚೆಯಿಂದ ಹೇಗೆ ವಿವರಿಸಲಿ? ನಮ್ಮ ಮೈದಾನದಲ್ಲಿ ಎಲ್ಲರೂ ಒಂದೇ ಗೆರೆಯಲ್ಲಿ ನಿಂತು, ಸುತ್ತು ತಿರುಗುವಾಗ ಒಳಗೆ ನುಗ್ಗಿಕೊಂಡು ಓಡುತ್ತಿದ್ದೆವು, ಅಷ್ಟೇ.

ಅವಳು ಬರಿಗಾಲಿನಲ್ಲಿ ಓಡಿದಳು. ಶೂ ಕೊಡಿಸಿದ್ದೆ, ಕಾಲು ಕಟ್ಟಿಹಾಕಿದ ಹಾಗಾಗುತ್ತದೆ ಎಂದು ಬಿಚ್ಚಿಟ್ಟಳು. ಪಕ್ಕದಲ್ಲಿ ಕೂತಿದ್ದ ಪಟ್ಟಣದ ಟೀಚರೊಬ್ಬರು ನಕ್ಕರು, ನನಗೆ ನಾಚಿಕೆಯಾಯಿತು. ಎಷ್ಟೋ ವರ್ಷದ ಮೇಲೆ ಓದಿ ತಿಳಿದೆ, ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸಿನಲ್ಲಿ ಮೊದಲ ಗೋಲು ಹೊಡೆದದ್ದು ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್, 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ಎದುರು ಎಂದು. ಆ ತಂಡದ ಬಹಳ ಜನ ಆಡಿದ್ದು ಬರಿಗಾಲಿನಲ್ಲಿ. ಆ ದಿನ ಗೊತ್ತಿದ್ದಿದ್ದರೆ ಪಕ್ಕದ ಟೀಚರಿಗೆ ಒಂದು ಮಾತು ಹೇಳುತ್ತಿದ್ದೆ.

ಆ ಸುತ್ತಿನಲ್ಲಿ ನಾಲ್ಕನೆಯವಳಾಗಿ ಬಂದಳು. ನೋಡಿದ ಒಬ್ಬ ಕೋಚ್, ಹಾಸ್ಟೆಲಿಗೆ ಸೇರಿಸಿ, ಎರಡು ವರ್ಷದಲ್ಲಿ ಬೇರೆಯೇ ಓಟ ಓಡುತ್ತಾಳೆ ಎಂದರು. ಊರಿಗೆ ಬಂದು ಅವಳ ಮನೆಗೆ ಹೋದೆ. ತಾಯಿ ರಾಗಿ ಕೇರುತ್ತಿದ್ದವರು ಮೊರ ಕೆಳಗಿಡಲಿಲ್ಲ. "ಬೆಳದ್ ಹುಡುಗಿ ಮೇಡಂ, ಚಡ್ಡಿ ಹಾಕ್ಕಂಡು ಬೆಂಗಳೂರಲ್ಲಿ ಓಡದಾ? ಜನ ಏನಂತಾರೆ?" ಎಂದರು. ನಾನು ಅಶ್ವಿನಿ ನಾಚಪ್ಪ ಹೆಸರು ಹೇಳಿದೆ, ಪಿ.ಟಿ. ಉಷಾ ಹೆಸರು ಹೇಳಿದೆ. "ಅವ್ರು ಕೊಡಗಿನೋರು, ಕೇರಳದೋರು" ಎಂದರು. ಕಾಫಿ ಕುಡಿದು ಎದ್ದು ಬಂದೆ. ಮತ್ತೆ ಹೋಗಲಿಲ್ಲ. ಒಂದೇ ಸಲ ಹೋಗಿ ಬಂದು, ನಾನು ಪ್ರಯತ್ನ ಮಾಡಿದೆ ಎಂದು ಎಲ್ಲರ ಹತ್ತಿರವೂ ಹೇಳಿಕೊಂಡೆ. ಎಸ್ಸೆಸ್ಸೆಲ್ಸಿ ಮುಗಿದು ಕೆಲವೇ ವರ್ಷದಲ್ಲಿ ಅವಳ ಮದುವೆಯಾಯಿತು.

ಈಗ ಸಾವಿನ ಮಾತು. 2006ರ ಏಪ್ರಿಲ್ 12ರಂದು ರಾಜಕುಮಾರ್ ತೀರಿಕೊಂಡಾಗ ಅಂತಿಮ ದರ್ಶನಕ್ಕೆ ಕಂಠೀರವ ಕ್ರೀಡಾಂಗಣದಲ್ಲಿ ಇಟ್ಟರು, ಮಣ್ಣು ಮಾಡಿದ್ದು ಕಂಠೀರವ ಸ್ಟುಡಿಯೋದಲ್ಲಿ. ಸ್ಟೇಡಿಯಂ ಬೇರೆ, ಸ್ಟುಡಿಯೋ ಬೇರೆ ಎಂದು ನಮ್ಮ ಪಕ್ಕದ ಮನೆಯವರಿಗೆ ಇಂದಿಗೂ ಒಪ್ಪಿಸಲು ಆಗಿಲ್ಲ. ಆಗ ಊರೆಲ್ಲ ಗಲಭೆ, ಕಲ್ಲು, ಬೆಂಕಿ, ಜೀವಗಳೂ ಹೋದವು. 2018ರ ನವೆಂಬರಿನಲ್ಲಿ ಅಂಬರೀಶ್ ಅವರನ್ನೂ ಅಲ್ಲೇ ಮಲಗಿಸಿದರು. 2021ರ ಅಕ್ಟೋಬರ್ 29ರಂದು ಪುನೀತ್ ಹೋದಾಗ ಮಾತ್ರ ನಾನು ಟಿ.ವಿ. ಮುಂದಿನಿಂದ ಏಳಲಿಲ್ಲ. ಹಗಲೂ ರಾತ್ರಿ ಸಾಲು. ಸಾಲಿನಲ್ಲಿ ಕಂಡದ್ದು ಹೆಂಗಸರು. ಮಗು ಎತ್ತಿಕೊಂಡವರು, ಕೆಲಸದ ಬಟ್ಟೆಯಲ್ಲೇ ಬಂದವರು, ತಲೆ ತುಂಬ ಸೆರಗು ಹೊದ್ದ ಮುದುಕಿಯರು. ನಮ್ಮೂರಿನಿಂದಲೂ ಐದು ಜನ ಹೆಂಗಸರು ಕಡೂರಿನಲ್ಲಿ ರಾತ್ರಿ ರೈಲು ಹತ್ತಿ ಹೋಗಿ ನೋಡಿಕೊಂಡು ಬಂದರು. ಗಂಡನನ್ನು ಕೇಳಲಿಲ್ಲ, ಅತ್ತೆಯನ್ನು ಕೇಳಲಿಲ್ಲ, ಮನೆಯಲ್ಲಿ ಮುದ್ದೆಗೆ ಏನು ಮಾಡಿಕೊಳ್ಳುತ್ತೀರಿ ಎಂದೂ ಕೇಳಲಿಲ್ಲ. ಆ ಐವರಲ್ಲಿ ಒಬ್ಬರು ಅಂದು ಮೊರ ಕೆಳಗಿಡದ ಆ ತಾಯಿ.

ಅವರ ದುಃಖ ಸುಳ್ಳಲ್ಲ. ನಾನೂ ಅತ್ತವಳೇ. ಆದರೆ ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಕಾಡುತ್ತಿದೆ. ಸಾವು ನೋಡಲು ಹೆಣ್ಣು ಆ ಗೇಟಿನೊಳಗೆ ಹೋಗಬಹುದು, ಯಾರೂ ತಡೆಯುವುದಿಲ್ಲ, ಜನ ಏನೂ ಅನ್ನುವುದಿಲ್ಲ. ಓಡಲು ಹೋಗಬೇಕಾದರೆ, ಆಟ ನೋಡಿ ಶಿಳ್ಳೆ ಹೊಡೆಯಲು ಹೋಗಬೇಕಾದರೆ, ಅಪ್ಪಣೆ ಬೇಕು. ನಮ್ಮ ಅಳುವಿಗೆ ತೆರೆದ ಬಾಗಿಲು ನಮ್ಮ ನಗುವಿಗೆ ಯಾಕೆ ಅರ್ಧ ಮುಚ್ಚಿರುತ್ತದೆ? ಬಾಗಿಲು ಹಾಕಿದವರು ಸ್ಟೇಡಿಯಮ್ಮಿನವರಲ್ಲ ಎಂಬುದೂ ಗೊತ್ತು. ಆ ಅಗುಳಿ ನಮ್ಮ ಹಟ್ಟಿಯಲ್ಲೇ ಇದೆ.

ಮುಖ್ಯಮಂತ್ರಿಗಳ ಪ್ರಮಾಣವಚನವೂ ಅಲ್ಲಿ ಆಗಿದೆ, ಸಿದ್ದರಾಮಯ್ಯನವರದು 2013ರ ಮೇ 13ರಂದು, ಮತ್ತೆ 2023ರ ಮೇ 20ರಂದು. ಆಟದ ಅಂಗಳದಲ್ಲಿ ವೇದಿಕೆ, ಕುರ್ಚಿ, ಹಾರ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ನಮ್ಮ ಶಾಲೆಯ ಮೈದಾನದಲ್ಲೂ ಚುನಾವಣಾ ಭಾಷಣ ಮುಗಿದ ಮಾರನೇ ದಿನ ಪೆಂಡಾಲಿನ ಗೂಟದ ಗುಂಡಿಗಳನ್ನು ಮುಚ್ಚುವವರು ಮಕ್ಕಳೇ.

ಇನ್ನು ಫುಟ್‌ಬಾಲ್. ಬೆಂಗಳೂರಿಗೆ ಅದು ಹೊಸದಲ್ಲ. ಹಲಸೂರಿನ ಗೌತಮಪುರದಂಥ ಬಡಾವಣೆಗಳಲ್ಲಿ ತಲೆಮಾರುಗಳಿಂದ ಉಸಿರಿನಂತೆ ಇರುವ ಆಟ. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿ, ಮೊದಲ ವರ್ಷ ಅಶೋಕನಗರದ ಚಿಕ್ಕ ಫುಟ್‌ಬಾಲ್ ಸ್ಟೇಡಿಯಮ್ಮಿನಲ್ಲಿ ಆಡಿ ಐ-ಲೀಗ್ ಗೆದ್ದು, ಆಮೇಲೆ ಕಂಠೀರವಕ್ಕೆ ಬಂತು. 2016ರ ಅಕ್ಟೋಬರ್ 19ರಂದು ಅಲ್ಲೇ ಮಲೇಷ್ಯಾದ ಜೊಹೊರ್ ತಂಡವನ್ನು 3–1ರಿಂದ ಸೋಲಿಸಿ, ಎಎಫ್‌ಸಿ ಕಪ್ಪಿನ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆಯಿತು. ಊರೆಲ್ಲ ಕೊಂಡಾಡಿತು. ನಾನು ಕೊಂಡಾಡಲಿಲ್ಲ. ಫುಟ್‌ಬಾಲಿನವರು ಬಂದ ಮೇಲೆ ಓಟದ ಮಕ್ಕಳಿಗೆ ಅಭ್ಯಾಸಕ್ಕೆ ಹೊತ್ತು ಸಿಗುತ್ತಿಲ್ಲ, ಡಿಸ್ಕಸ್, ಹ್ಯಾಮರ್ ಎಸೆಯುವವರಿಗೆ ಹುಲ್ಲಿನ ಮೇಲೆ ಕಾಲಿಡಲು ಬಿಡುತ್ತಿಲ್ಲ ಎಂಬ ದೂರು ಎದ್ದು, ಅದು ನ್ಯಾಯಾಲಯದವರೆಗೂ ಹೋಯಿತು. ನಾನು ಓದಿದಷ್ಟಕ್ಕೇ ಓಟದವರ ಪಕ್ಷ ಸೇರಿಬಿಟ್ಟೆ. ಕಾರಣ ನಿಮಗೆ ಗೊತ್ತೇ ಇದೆ. ಆ ಕೆಂಪು ಪಟ್ಟಿಯ ಮೇಲೆ ನನ್ನ ಹುಡುಗಿಯ ಬರಿಗಾಲಿನ ಗುರುತಿತ್ತು. ಓಟದಲ್ಲಿ ಹೆಣ್ಣಿಗೆ ಮೊದಲಿನಿಂದ ಒಂದು ಲೇನ್ ಇದೆ. 1986ರ ಸೋಲ್ ಏಷ್ಯನ್ ಕ್ರೀಡಾಕೂಟದಲ್ಲಿ ಉಷಾ, ಶೈನಿ, ವಲ್ಸಮ್ಮರ ಜತೆ ರಿಲೇ ಚಿನ್ನ ಗೆದ್ದ ವಂದನಾ ರಾವ್ ನಮ್ಮವಳು. ಆಮೇಲೆ ಮಂಗಳೂರಿನ ಪೂವಮ್ಮ ಬಂದಳು. ಫುಟ್‌ಬಾಲ್ ಎಂದರೆ ಗಂಡಸರು ಗಂಡಸರಿಗಾಗಿ ಆಡುವ ಆಟ ಎಂದೇ ತಿಳಿದಿದ್ದೆ.

ಹಾಗೆ ತಿಳಿದುಕೊಂಡೇ 2023ರ ಜುಲೈ 4ರಂದು, ಒಂದು ದಿನ ಸಿ.ಎಲ್. ಹಾಕಿ, ಮಗನ ಬಲವಂತಕ್ಕೆ ಸ್ಯಾಫ್ ಚಾಂಪಿಯನ್‌ಷಿಪ್ಪಿನ ಫೈನಲ್ ನೋಡಲು ಹೋದೆ. ಭಾರತ, ಕುವೈತ್. ಅದೇ ಟೂರ್ನಿಯಲ್ಲಿ ಜೂನ್ 21ರಂದು ಪಾಕಿಸ್ತಾನವನ್ನು 4–0ರಿಂದ ಸೋಲಿಸಿದ್ದರು, ಛೆಟ್ರಿಯದೇ ಮೂರು ಗೋಲು. ಆ ದಿನ ನಮ್ಮ ಕೋಚ್ ಸ್ಟಿಮಾಚ್, ಎದುರಾಳಿ ಆಟಗಾರ ಚೆಂಡು ಎಸೆಯಲು ಹೊರಟಾಗ ಅದನ್ನು ಕೈಯಿಂದ ಕಿತ್ತು ಕೆಂಪು ಕಾರ್ಡ್ ತಿಂದದ್ದು ಬೇರೆ. ಐದನೇ ತರಗತಿಯ ಹುಡುಗ ಮಾಡಿದ್ದರೆ ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ನೋಡಲು ಕೂತವಳಾಗಿ ಮೊದಲು ಒಂದು ದೂರು ಹೇಳಿಬಿಡುತ್ತೇನೆ. ಕಂಠೀರವ ಫುಟ್‌ಬಾಲ್ ನೋಡಲು ಒಳ್ಳೆಯ ಜಾಗವಲ್ಲ. ನಮಗೂ ಹುಲ್ಲಿಗೂ ನಡುವೆ ಓಟದ ಪಟ್ಟಿ ಸುತ್ತಿಕೊಂಡಿರುವುದರಿಂದ ಆಟಗಾರರು ದೂರ. ಆಚೆ ತುದಿಯ ಗೋಲು ನನ್ನ ಕನ್ನಡಕಕ್ಕೆ ಎಟುಕಲಿಲ್ಲ. ಕುವೈತ್‌ನವರ ಮೊದಲ ಗೋಲು ಆಗಿದೆ ಎಂದು ತಿಳಿದದ್ದು ಸುತ್ತಲಿನವರು ಮೌನವಾದದ್ದರಿಂದ. ಒಂದೇ ಒಲೆಯಲ್ಲಿ ಹಾಲನ್ನೂ ಒಗ್ಗರಣೆಯನ್ನೂ ಇಟ್ಟರೆ ಏನಾಗುತ್ತದೋ ಅದು ಆಗಿದೆ. ಓಟದವರಿಗೆ ಫುಟ್‌ಬಾಲ್ ಅಡ್ಡ, ಫುಟ್‌ಬಾಲಿನವರಿಗೆ ಟ್ರ್ಯಾಕ್ ಅಡ್ಡ. ಇಬ್ಬರ ದೂರಿನಲ್ಲೂ ನ್ಯಾಯ ಇದೆ ಎಂದು ಒಪ್ಪಿಕೊಂಡದ್ದು ಆ ಕುರ್ಚಿಯಲ್ಲಿ ಕೂತಾಗ.

ಆದರೆ ಆ ಸಂಜೆ! ಛಾಂಗ್ಟೆ ಗೋಲು ಹೊಡೆದು ಸಮ ಮಾಡಿದಾಗ ನನ್ನ ಎಡಗಡೆ ಕೂತಿದ್ದ ಅಪರಿಚಿತ ಹುಡುಗಿ ನನ್ನನ್ನು ತಬ್ಬಿಕೊಂಡುಬಿಟ್ಟಳು. ಕಾಲೇಜು ಹುಡುಗಿ, ಕೆನ್ನೆಗೆ ಮೂರು ಬಣ್ಣ. ಜತೆಯಲ್ಲಿ ಅವಳಂಥವರೇ ನಾಲ್ವರು, ಗಂಡು ದಿಕ್ಕು ಒಂದೂ ಇಲ್ಲ. ರಾತ್ರಿ ಹೇಗೆ ಮನೆಗೆ ಹೋಗುತ್ತೀರಮ್ಮಾ ಎಂದರೆ, "ಮೆಟ್ರೋ ಇದೆಯಲ್ಲ ಆಂಟಿ" ಎಂದಳು. ಪೂರ್ತಿ ಹೊತ್ತು 1–1. ಪೆನಾಲ್ಟಿ ಕಿಕ್‌ಗಳು 4–4 ಆಗಿ, ಆಮೇಲೆ ಮಹೇಶ್ ಸಿಂಗ್ ಗೋಲು ಹೊಡೆದು, ಕುವೈತ್‌ನ ನಾಯಕ ಒದ್ದದ್ದನ್ನು ನಮ್ಮ ಗೋಲಿ ಗುರ್‌ಪ್ರೀತ್ ಹಾರಿ ತಡೆದ. ಇಪ್ಪತ್ತಾರು ಸಾವಿರ ಜನ ಎದ್ದು ಹಾಡಿದರು. ಸಿಂಹದ ಕಂಠ ಎಂದರೆ ಏನೆಂದು ನನಗೆ ನಿಘಂಟಿಲ್ಲದೆ ತಿಳಿದದ್ದು ಆಗ. ನಾನೂ ಎದ್ದು ನಿಂತಿದ್ದೆ, ಸೆರಗು ಎಲ್ಲಿತ್ತೋ ಗೊತ್ತಿಲ್ಲ. ಮಗ ಫೋಟೋ ತೆಗೆದಿದ್ದಾನೆ, ಯಾರಿಗೂ ತೋರಿಸಬಾರದೆಂದು ಆಣೆ ಇಡಿಸಿದ್ದೇನೆ.

ಊರಿಗೆ ಮರಳುವಾಗ ರೈಲಿನಲ್ಲಿ ತಿಪಟೂರು ದಾಟಿದ ಮೇಲೆ ನಿದ್ದೆ ಹತ್ತದೆ ಮಗನ ಮಾತು ನೆನಪಾಯಿತು. ಹೆಂಗಸರ ದೇಶಮಟ್ಟದ ಲೀಗ್ ಕೂಡ ಬೆಂಗಳೂರಿನಲ್ಲಿ ನಡೆದಿತ್ತಂತೆ ಅಮ್ಮ ಎಂದಿದ್ದ. ಆಮೇಲೆ ಹುಡುಕಿ ಓದಿದೆ. ನಿಜ. 2020ರ ಜನವರಿ, ಫೆಬ್ರವರಿಯಲ್ಲಿ, ಕಂಠೀರವದಲ್ಲಲ್ಲ, ಅಶೋಕನಗರದ ಚಿಕ್ಕ ಸ್ಟೇಡಿಯಮ್ಮಿನಲ್ಲಿ. ಫೈನಲ್ಲಿನಲ್ಲಿ ಕೇರಳದ ಗೋಕುಲಂ ತಂಡ ಮಣಿಪುರದ ಕ್ರಿಫ್ಸಾ ತಂಡವನ್ನು 3–2ರಿಂದ ಗೆದ್ದಿತು. ಬೆಂಗಳೂರಿನದೇ ಕಿಕ್‌ಸ್ಟಾರ್ಟ್ ತಂಡದ ಹುಡುಗಿಯರು 2023ರಲ್ಲಿ ಅದೇ ಲೀಗಿನ ಫೈನಲ್‌ವರೆಗೆ ಹೋದರು. ದಿನಾ ಪತ್ರಿಕೆ ಓದುವ ನನಗೆ ಇವು ಯಾವುವೂ ಗೊತ್ತಿರಲಿಲ್ಲ. ಓಟ, ಫುಟ್‌ಬಾಲ್ ಎಂದು ನಾವು ಪಕ್ಷ ಕಟ್ಟಿ ಜಗಳವಾಡಿದ್ದು ಅಣ್ಣತಮ್ಮಂದಿರ ಪಾಲಿನ ಜಗಳದ ಹಾಗೆ. ಆಸ್ತಿಯಲ್ಲಿ ತಂಗಿಗೂ ಭಾಗ ಇದೆ ಎಂಬುದು ಪಂಚಾಯ್ತಿಯಲ್ಲಿ ಕೂತ ನನಗೇ ಹೊಳೆಯಲಿಲ್ಲ. ಹೆಣ್ಣು ಎಂದರೆ ಓಟ ಎಂದು ನಾನೇ ಗೆರೆ ಎಳೆದಿದ್ದೆ, ಮೊರ ಹಿಡಿದ ಆ ತಾಯಿ ಎಳೆದ ಗೆರೆಗಿಂತ ತುಸು ಆಚೆಗೆ, ಅಷ್ಟೇ ವ್ಯತ್ಯಾಸ.

ಇದನ್ನೆಲ್ಲ ಈಗ ಬರೆಯಲು ಇನ್ನೊಂದು ಕಾರಣವಿದೆ. ನನ್ನ ಆ ಹುಡುಗಿ ಈಗ ಕಡೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ನನ್ನ ರವಿಕೆಗಳನ್ನೆಲ್ಲ ಅವಳೇ ಹೊಲಿಯುವುದು. ದುಡ್ಡು ತೆಗೆದುಕೊಳ್ಳುವುದಿಲ್ಲ ಎಂದು ಪ್ರತಿ ಸಲ ಜಗಳ. ಅವಳ ಮಗಳಿಗೆ ಹದಿಮೂರು ವರ್ಷ. ಶಾಲೆಯಲ್ಲಿ ಗಂಡುಹುಡುಗರ ಜತೆ ಸೇರಿ ಫುಟ್‌ಬಾಲ್ ಆಡಲು ಕಲಿತಿದ್ದಾಳೆ. ಬೆಂಗಳೂರಿನ ಒಂದು ಕಡೆ ಹುಡುಗಿಯರ ಆಯ್ಕೆ ಇದೆಯಂತೆ, ಬರುವ ಭಾನುವಾರ. ಮೊನ್ನೆ ರವಿಕೆಯ ಅಳತೆ ತೆಗೆದುಕೊಳ್ಳುತ್ತ, ತಲೆ ಎತ್ತದೆ, "ಮಿಸ್, ನೀವೊಂದ್ ಮಾತು ನಮ್ಮಮ್ಮಂಗೆ ಹೇಳ್ತೀರಾ? ಇವಳಪ್ಪ ಹೂಂ ಅಂದವ್ರೆ. ಅಮ್ಮಂದೇ ಕಷ್ಟ" ಎಂದಳು.

ಹೋದೆ. ಅದೇ ಮನೆ, ಹೆಂಚು ಹೋಗಿ ಶೀಟು ಬಂದಿದೆ. ಆ ತಾಯಿಗೆ ಈಗ ಎಪ್ಪತ್ತು ದಾಟಿದೆ. ಈ ಸಲ ಎರಡು ಸಲ, ಮೂರು ಸಲ ಬರಲೂ ಸಿದ್ಧವಾಗಿ ಹೋಗಿದ್ದೆ. ಸಂಗೀತಾ ಬಾಸ್ಫೋರಳ ಸುದ್ದಿ ಬಂದ ಪತ್ರಿಕೆಯ ತುಣುಕನ್ನೂ ಕತ್ತರಿಸಿ ಪರ್ಸಿನಲ್ಲಿ ಇಟ್ಟುಕೊಂಡಿದ್ದೆ. ಶನಿವಾರ ರಾತ್ರಿ ರೈಲು, ನಾನೂ ಜತೆಗಿರುತ್ತೇನೆ, ಆಯ್ಕೆ ಮುಗಿದ ಮೇಲೆ ಮಗುವಿಗೆ ಕಂಠೀರವವನ್ನು ಹೊರಗಿನಿಂದಲಾದರೂ ತೋರಿಸಿಕೊಂಡು ಬರುತ್ತೇವೆ, ಮೂರು ಟಿಕೆಟ್ ಮಾಡಿಸುತ್ತೇನೆ ಎಂದು ಒಂದೇ ಉಸಿರಿಗೆ ಹೇಳಿದೆ.

ಅವರು ಎಲೆಯಡಿಕೆ ಮೆಲ್ಲುತ್ತ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಮೂರಲ್ಲ ಮೇಡಂ, ನಾಕು ಮಾಡ್ಸಿ. ನಿಮಗೆ ಅಲ್ಲಿ ದಾರಿ ತಪ್ತದೆ. ಅಪ್ಪು ಸತ್ತಾಗ ನಾನು ಹೋಗಿದ್ನಲ್ಲ, ನಂಗೊತ್ತೈತೆ" ಎಂದರು.